ಇಪ್ಪತ್ತು ದಶಲಕ್ಷ ಪೌಂಡು ಯಾರ ಕೈ ಸೇರಿತು?

ಪ್ರಶ್ನೆ: ಮಗಳು ಪ್ರೌಢಶಾಲೆಯಲ್ಲಿದ್ದಾಳೆ. ಬ್ರಿಟಿಷರು ಗುಲಾಮಗಿರಿಯನ್ನು ರದ್ದುಪಡಿಸಿದ ವರ್ಷ ಒಂದು ಪುಸ್ತಕದಲ್ಲಿ 1807, ಇನ್ನೊಂದರಲ್ಲಿ 1833, ಮತ್ತೊಂದರಲ್ಲಿ 1843 ಎಂದಿದೆ. ಯಾವುದು ಸರಿ? ರದ್ದು ಮಾಡುವಾಗ ಸರ್ಕಾರ ಭಾರೀ ಪರಿಹಾರ ಕೊಟ್ಟಿತೆಂದೂ ಓದಿದೆ. ಆ ಹಣದಿಂದ ಗುಲಾಮರು ಹೊಸ ಬದುಕು ಕಟ್ಟಿಕೊಂಡರೇ? ನಮ್ಮ ಯಲ್ಲಾಪುರದ ಕಡೆಯ ಸಿದ್ದಿ ಜನರು ಆಫ್ರಿಕಾ ಮೂಲದವರು ಎನ್ನುತ್ತಾರೆ. ಅವರಿಗೂ ಈ ಕಾನೂನುಗಳಿಗೂ ಸಂಬಂಧವಿದೆಯೇ? – ಶಿರಸಿಯ ಓದುಗರು

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಪರಿಹಾರ ಕೊಟ್ಟದ್ದು ನಿಜ. ಗುಲಾಮರಿಗೆ ಅದರಲ್ಲಿ ಒಂದು ಬಿಡಿಗಾಸೂ ಸಿಗಲಿಲ್ಲ. ಬ್ರಿಟಿಷ್ ಸಂಸತ್ತು ಮಂಜೂರು ಮಾಡಿದ 2 ಕೋಟಿ ಪೌಂಡುಗಳಷ್ಟೂ ಗುಲಾಮರ ಒಡೆಯರಿಗೆ ಹೋಯಿತು. ಅವರು ಕಳೆದುಕೊಳ್ಳಲಿದ್ದ 'ಆಸ್ತಿ'ಯ ಬಾಬ್ತು ಅದು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಕೈಯೆತ್ತಿ, ನಾನು ಬಾಯಿತಪ್ಪಿ ಹೇಳಿದೆನೇನೋ ಎಂಬಂತೆ ಮತ್ತೊಮ್ಮೆ ಕೇಳುತ್ತಾರೆ.

ಇನ್ನು ಇಸವಿಗಳು. ಮೂರೂ ಸರಿ. 1807ರ ಕಾಯ್ದೆ ನಿಲ್ಲಿಸಿದ್ದು ಗುಲಾಮರ ವ್ಯಾಪಾರವನ್ನು. ಅಂದರೆ ಬ್ರಿಟಿಷ್ ಹಡಗುಗಳು ಆಫ್ರಿಕಾದಿಂದ ಹೊಸದಾಗಿ ಜನರನ್ನು ತುಂಬಿಕೊಂಡು ಹೋಗುವಂತಿಲ್ಲ. ಆಗಲೇ ತೋಟಗಳಲ್ಲಿ ದುಡಿಯುತ್ತಿದ್ದವರು, ಅವರ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳು ಗುಲಾಮರಾಗಿಯೇ ಉಳಿದರು. 1833ರ ಕಾಯ್ದೆ ಕೈಯಿಟ್ಟದ್ದು ಒಡೆತನದ ಮೇಲೆ. 1843ರದು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ಭಾರತಕ್ಕೆ ಸೇರಿದ್ದು. ಪರೀಕ್ಷೆಯಲ್ಲಿ ಗುಲಾಮಗಿರಿ ರದ್ದತಿ ಕಾಯ್ದೆ ಯಾವಾಗ ಬಂತು ಎಂದು ಕೇಳಿದರೆ ಮಗಳು 1833 ಎಂದೇ ಬರೆಯಲಿ. ಆದರೆ ಇಂಥ ಯಾವುದೇ ಇಸವಿ ಕಂಡರೂ, ಮರುದಿನ ಬೆಳಿಗ್ಗೆ ಕಬ್ಬಿನ ತೋಟಕ್ಕೆ ದುಡಿಯಲು ಹೋದವರು ಯಾರು, ಅವರಿಗೆ ಕೂಲಿ ಸಿಕ್ಕಿತೇ ಎಂದು ಕೇಳಿಕೊಳ್ಳುವ ಅಭ್ಯಾಸ ಅವಳಿಗೆ ಬರಲಿ ಎಂದು ನನ್ನಾಸೆ. ಈ ಉತ್ತರ ಉದ್ದವಾಗುತ್ತಿರುವುದು ಅದಕ್ಕಾಗಿಯೇ.

ಮೊದಲು ಒಟ್ಟು ಪ್ರಮಾಣ ಎಷ್ಟೆಂದು ನೋಡೋಣ. ಹದಿನಾರನೆಯ ಶತಮಾನದ ಆರಂಭದಿಂದ 1860ರ ದಶಕದವರೆಗೆ ಅಟ್ಲಾಂಟಿಕ್ ಸಾಗರದ ಮೂಲಕ ಸಾಗಿಸಲೆಂದು ಹಡಗು ಹತ್ತಿಸಿದ ಆಫ್ರಿಕನ್ನರು ಸುಮಾರು 1 ಕೋಟಿ 25 ಲಕ್ಷ. ಆಚೆಯ ದಡದಲ್ಲಿ ಜೀವಂತವಾಗಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನರು ಸಮುದ್ರದ ಪಾಲಾದರು. ಗುಲಾಮಗಿರಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಅಮೆರಿಕದ ಹತ್ತಿ ಹೊಲಗಳು. ಆದರೆ ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕಾದಿಂದ ನೇರವಾಗಿ ಬಂದವರು 4 ಲಕ್ಷಕ್ಕೂ ಕಡಿಮೆ. ಬ್ರೆಜಿಲ್‌ ಒಂದಕ್ಕೇ ಸುಮಾರು 48 ಲಕ್ಷ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳು ಜನರನ್ನು ಎಷ್ಟು ಬೇಗ ಕೊಲ್ಲುತ್ತಿದ್ದವೆಂದರೆ ಹುಟ್ಟಿನ ಸಂಖ್ಯೆ ಸಾವಿನ ಸಂಖ್ಯೆಯನ್ನು ಮುಟ್ಟುತ್ತಲೇ ಇರಲಿಲ್ಲ. ತೋಟ ನಡೆಯಬೇಕಾದರೆ ವರ್ಷವರ್ಷವೂ ಹೊಸ ಹಡಗು ಬರಬೇಕಿತ್ತು.

'ಆಫ್ರಿಕಾದ ಅರಸರೇ ತಮ್ಮವರನ್ನು ಮಾರಿದರಲ್ಲ' ಎಂಬ ಮಾತನ್ನು ನೀವು ಕೇಳಿರಬಹುದು. ಒಳನಾಡಿನಿಂದ ಜನರನ್ನು ಹಿಡಿದು ಕರಾವಳಿಗೆ ತಂದವರಲ್ಲಿ ಬಹುಪಾಲು ಆಫ್ರಿಕಾದವರೇ ಎಂಬುದು ಸತ್ಯ. ಆದರೆ ಮಾರಿದವರ ಕಣ್ಣಿಗೆ ಅವರು 'ತಮ್ಮವರು' ಆಗಿರಲಿಲ್ಲ. ಯುದ್ಧದಲ್ಲಿ ಸೋತ ಬೇರೆ ರಾಜ್ಯದ, ಬೇರೆ ಭಾಷೆಯ ಜನರು ಅವರು. ಆಫ್ರಿಕಾದ ಒಳಗೂ, ಸಹಾರಾ ಮರುಭೂಮಿಯ ಆಚೆಗೂ, ಅರಬ್ ದೇಶಗಳಿಗೂ ಗುಲಾಮರ ಮಾರಾಟ ಬಹು ಹಿಂದಿನಿಂದಲೂ ಇತ್ತು. ಅಟ್ಲಾಂಟಿಕ್ ವ್ಯಾಪಾರ ತಂದ ಹೊಸತೆಂದರೆ ಎಂದೂ ತೀರದ ಬೇಡಿಕೆ. ಆ ಬೇಡಿಕೆಯೇ ಯುದ್ಧಗಳಿಗೆ ಕಾರಣವಾಯಿತು. ಇಲ್ಲಿ ನಮ್ಮ ಸಮುದ್ರದ ಒಂದು ವಸ್ತುವನ್ನೂ ಹೇಳಬೇಕು. ಗುಲಾಮರಿಗೆ ಬದಲಾಗಿ ಕೊಡುತ್ತಿದ್ದ ಸರಕುಗಳಲ್ಲಿ ಬಂದೂಕು, ಮದ್ಯ, ಕಬ್ಬಿಣದ ಪಟ್ಟಿಗಳ ಜೊತೆಗೆ ಭಾರತದ ಹತ್ತಿ ಬಟ್ಟೆ ಇತ್ತು, ಮಾಲ್ಡೀವ್ಸ್‌ನ ಕವಡೆಯೂ ಇತ್ತು. ಆ ಕವಡೆ ಬಂಗಾಳ, ಸಿಂಹಳಗಳ ಮೂಲಕ ಯುರೋಪಿಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾದ ಕರಾವಳಿಗೆ ಇಳಿಯುತ್ತಿತ್ತು; ಅಲ್ಲಿ ಅದೇ ಚಲಾವಣೆಯ ಹಣ. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಮಾತಿಗೆ ಹೇಳುವ ಆ ಕವಡೆಯನ್ನು ಎಣಿಸಿ ಕೊಟ್ಟೇ ಮನುಷ್ಯರನ್ನು ಕೊಳ್ಳುತ್ತಿದ್ದರು.

ಹಡಗಿನ ಒಳಗೆ ಹೇಗಿತ್ತೆಂಬುದನ್ನು ಬ್ರಿಟನ್ನಿನ ಜನಸಾಮಾನ್ಯರಿಗೆ ತೋರಿಸಿದ್ದು ಒಂದು ನಕ್ಷೆ. ಲಿವರ್‌ಪೂಲ್‌ನ 'ಬ್ರೂಕ್ಸ್' ಎಂಬ ಹಡಗಿನ ಅಟ್ಟಗಳ ಅಳತೆ ಹಿಡಿದು ಬರೆದದ್ದು ಅದು. ಸಣ್ಣ ಸಣ್ಣ ಕಪ್ಪು ಆಕೃತಿಗಳು ಸಾಲುಸಾಲಾಗಿ, ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತೊತ್ತಾಗಿ ಮಲಗಿವೆ. ಒಬ್ಬ ಗಂಡಸಿಗೆ ಕೊಟ್ಟ ಜಾಗ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಅಂಗುಲ ಅಗಲ. ನೆಲದ ಮೇಲೆ ಸೀಮೆಸುಣ್ಣದಿಂದ ಈ ಅಳತೆಯ ಚೌಕಟ್ಟು ಎಳೆದು ಮಗಳನ್ನು ಅದರೊಳಗೆ ಮಲಗಲು ಹೇಳಿ. ಮಗ್ಗುಲು ಬದಲಿಸಿದರೆ ಭುಜ ಗೆರೆ ದಾಟುತ್ತದೆ. 1788ರ ಕಾಯ್ದೆಯೊಂದು ಈ ಹಡಗಿನಲ್ಲಿ ಒಯ್ಯಬಹುದಾದವರ ಸಂಖ್ಯೆಯನ್ನು 454ಕ್ಕೆ ಮಿತಿಗೊಳಿಸಿತ್ತು. ಅದಕ್ಕೂ ಮೊದಲಿನ ಒಂದು ಪಯಣದಲ್ಲಿ ಅದೇ ಹಡಗು 609 ಜನರನ್ನು ತುಂಬಿಕೊಂಡು ಹೋಗಿತ್ತು.

ಇಂಥ ಹಡಗಿನಲ್ಲಿದ್ದವರನ್ನು ಕಾನೂನು ಏನೆಂದು ಕಾಣುತ್ತಿತ್ತು ಎಂಬುದಕ್ಕೆ 'ಝಾಂಗ್' ಹಡಗಿನ ಮೊಕದ್ದಮೆಗಿಂತ ಸ್ಪಷ್ಟವಾದ ಸಾಕ್ಷಿ ಬೇಡ. 1781ರಲ್ಲಿ ಜಮೈಕಾದ ದಾರಿಯಲ್ಲಿ ಆ ಹಡಗಿನವರು ಕುಡಿಯುವ ನೀರು ಸಾಲದೆಂಬ ಕಾರಣ ಹೇಳಿ, 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ರೋಗದಿಂದ ಸತ್ತರೆ ವಿಮೆ ಇಲ್ಲ. ಹಡಗನ್ನು ಉಳಿಸಲು 'ಸರಕು' ಎಸೆಯಬೇಕಾಗಿ ಬಂದರೆ ತಲೆಗೆ 30 ಪೌಂಡು ವಿಮೆ. ನಡುವೆ ಮಳೆಯೂ ಬಂದಿತ್ತು. ಹಡಗು ಜಮೈಕಾ ಮುಟ್ಟಿದಾಗ ಪೀಪಾಯಿಗಳಲ್ಲಿ ನೀರು ಉಳಿದಿತ್ತು. 1783ರಲ್ಲಿ ಈ ಪ್ರಕರಣ ಲಂಡನ್ನಿನ ನ್ಯಾಯಾಲಯಕ್ಕೆ ಬಂದದ್ದು ಕೊಲೆಯ ಆರೋಪವಾಗಿ ಅಲ್ಲ, ವಿಮೆ ಹಣದ ತಕರಾರಾಗಿ. ಕುದುರೆಗಳನ್ನು ಎಸೆದ ಪ್ರಕರಣಕ್ಕೂ ಇದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ ಎಂಬರ್ಥದ ಮಾತನ್ನು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದರು. ಈ ಸುದ್ದಿಯನ್ನು ಹೋರಾಟಗಾರ ಗ್ರ್ಯಾನ್‌ವಿಲ್ ಶಾರ್ಪ್ ಅವರಿಗೆ ಮುಟ್ಟಿಸಿದವರು ಒಲಾಡಾ ಎಕ್ವಿಯಾನೊ. ಸ್ವತಃ ಗುಲಾಮರಾಗಿದ್ದು, ದುಡಿದು ಕೂಡಿಟ್ಟ ಹಣದಿಂದ ತಮ್ಮನ್ನು ತಾವೇ ಬಿಡಿಸಿಕೊಂಡಿದ್ದವರು ಅವರು. ಕೊಲೆ ಮೊಕದ್ದಮೆ ಹೂಡಿಸಲು ಶಾರ್ಪ್ ಪಟ್ಟ ಪ್ರಯತ್ನ ಫಲಿಸಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ.

ನಾಲ್ಕು ವರ್ಷಗಳ ಬಳಿಕ, 1787ರ ಮೇ 22ರಂದು, ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಮಂದಿ ಸೇರಿ ಗುಲಾಮ ವ್ಯಾಪಾರದ ವಿರುದ್ಧ ಸಮಿತಿ ಕಟ್ಟಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಥಾಮಸ್ ಕ್ಲಾರ್ಕ್‌ಸನ್ ಕುದುರೆ ಏರಿ ಊರೂರು ಸುತ್ತಿ ನಾವಿಕರ ಹೇಳಿಕೆ ಸಂಗ್ರಹಿಸಿದರು. ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ಮಾತಾಡಿದರು. 1791ರಲ್ಲಿ ಮಸೂದೆ 88ಕ್ಕೆ 163 ಮತಗಳಿಂದ ಬಿತ್ತು. ಮತದಾನದ ಹಕ್ಕೇ ಇಲ್ಲದ ಹೆಂಗಸರು ಆಗ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು. ಗುಲಾಮರು ಬೆಳೆದ ಸಕ್ಕರೆಯನ್ನು ಮನೆಗೆ ತರುವುದಿಲ್ಲವೆಂದು ಸುಮಾರು 3 ಲಕ್ಷ ಜನ ನಿಂತರು. ಮುಂದೆ 1820ರ ದಶಕದಲ್ಲಿ ಈ ಬಹಿಷ್ಕಾರ ಮರುಕಳಿಸಿದಾಗ, 'ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ' ಎಂದು ಬರೆದ ಸಕ್ಕರೆ ಬಟ್ಟಲುಗಳು ಬ್ರಿಟನ್ನಿನ ಚಹಾ ಮೇಜುಗಳ ಮೇಲೆ ಕಾಣಿಸಿಕೊಂಡವು. ಈ ಬಟ್ಟಲಿನ ಮಾತಿಗೆ ಮುಂದೆ ಮತ್ತೆ ಬರುತ್ತೇನೆ. 1807ರಲ್ಲಿ ಅದೇ ಸಂಸತ್ತು 16ಕ್ಕೆ 283 ಮತಗಳಿಂದ ವ್ಯಾಪಾರವನ್ನು ನಿಷೇಧಿಸಿತು.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ, ಇಂಗ್ಲೆಂಡಿನ ಕೆಲವು ಕರುಣಾಳುಗಳಿಂದ ಬಿಡುಗಡೆ ಬಂತೆಂದು ಹೇಳುವ ಪುಸ್ತಕಗಳು ಬಹಳ. ನನಗೆ ಇದು ಒಪ್ಪಿಗೆಯಿಲ್ಲ. 1791ರ ಆಗಸ್ಟ್‌ನಲ್ಲಿ ಕೆರಿಬಿಯನ್‌ನಲ್ಲಿ ಫ್ರೆಂಚರ ಅತ್ಯಂತ ಸಿರಿವಂತ ವಸಾಹತಾಗಿದ್ದ ಸೇಂಟ್ ಡೊಮಿಂಗ್‌ನಲ್ಲಿ ಗುಲಾಮರು ದಂಗೆಯೆದ್ದು ಕಬ್ಬಿನ ತೋಟಗಳಿಗೆ ಬೆಂಕಿಯಿಟ್ಟರು. 1794ರಲ್ಲಿ ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಲೇಬೇಕಾಯಿತು. 1802ರಲ್ಲಿ ನೆಪೋಲಿಯನ್ ಅದನ್ನು ಮರಳಿ ಹೇರಲು ಹೊರಟು ಸೈನ್ಯ ಕಳಿಸಿದಾಗ ಅಲ್ಲಿನ ಜನರು ಆ ಸೈನ್ಯವನ್ನೇ ಸೋಲಿಸಿ, 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಅದಕ್ಕೆ ತೆತ್ತ ಬೆಲೆ ಕೇಳಿ: 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಹಳೆಯ ಒಡೆಯರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಇದಕ್ಕಾಗಿ ಎತ್ತಿದ ಸಾಲದ ಬಾಕಿಯನ್ನು ಹೈಟಿ ತೀರಿಸಿ ಮುಗಿಸಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಜಮೈಕಾದಲ್ಲಿ 1831ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾಮುಯೆಲ್ ಶಾರ್ಪ್ ಎಂಬ ಗುಲಾಮ, ಬ್ಯಾಪ್ಟಿಸ್ಟ್ ಸಭೆಯಲ್ಲಿ ಬೋಧನೆ ಮಾಡುತ್ತಿದ್ದವನು, ಒಂದು ಮುಷ್ಕರ ಸಂಘಟಿಸಿದ: ಹಬ್ಬ ಮುಗಿದ ಮೇಲೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ. ಕಬ್ಬು ಪಕ್ವವಾಗಿ ನಿಂತ ಕಾಲವನ್ನೇ ಅವನು ಆರಿಸಿಕೊಂಡಿದ್ದ. ಮುಷ್ಕರ ದಂಗೆಯಾಯಿತು, 60,000ದವರೆಗೆ ಜನ ಸೇರಿದರೆಂದು ಅಂದಾಜು. ಸತ್ತ ಬಿಳಿಯರು 14 ಮಂದಿ. ದಂಗೆ ಅಡಗಿದ ಮೇಲೆ ನ್ಯಾಯಾಲಯಗಳು ಗಲ್ಲಿಗೇರಿಸಿದ್ದು 300ಕ್ಕೂ ಹೆಚ್ಚು ಜನರನ್ನು. ಶಾರ್ಪ್‌ನನ್ನು 1832ರ ಮೇ 23ರಂದು ಮಾಂಟೆಗೊ ಬೇ ಪಟ್ಟಣದಲ್ಲಿ ನೇಣಿಗೇರಿಸಿದರು. ಇನ್ನೂ ತಡಮಾಡಿದರೆ ಜಮೈಕಾ ಎರಡನೆಯ ಹೈಟಿಯಾಗುತ್ತದೆಂಬ ಭಯ ಲಂಡನ್ನಿಗೆ ಹತ್ತಿತು. ಅವನು ಸತ್ತು ಹದಿನೈದು ತಿಂಗಳಲ್ಲಿ, 1833ರ ಆಗಸ್ಟ್ 28ರಂದು, ರದ್ದತಿ ಕಾಯ್ದೆಗೆ ರಾಜಮುದ್ರೆ ಬಿತ್ತು. ಆ ಇಸವಿಯ ಹಿಂದೆ ಯಾರಿದ್ದರೆಂದು ನನ್ನನ್ನು ಕೇಳಿದರೆ ನಾನು ಮೊದಲು ಹೇಳುವುದು ಈ ಸ್ಯಾಮುಯೆಲ್ ಶಾರ್ಪ್‌ನ ಹೆಸರನ್ನು.

ಈಗ ಆ ಹಣದ ವಿಷಯ. 2 ಕೋಟಿ ಪೌಂಡು ಎಂದರೆ ಅಂದಿನ ಬ್ರಿಟಿಷ್ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇ 40ರಷ್ಟು. ಅಷ್ಟು ಹಣ ಬೊಕ್ಕಸದಲ್ಲಿರಲಿಲ್ಲ. 1835ರಲ್ಲಿ ಲಂಡನ್ನಿನ ಹಣಕಾಸುಗಾರರಾದ ನೇಥನ್ ರಾಥ್‌ಶೀಲ್ಡ್ ಮತ್ತು ಮೋಸೆಸ್ ಮಾಂಟೆಫಿಯೋರ್ ಅವರ ಮೂಲಕ 1.5 ಕೋಟಿ ಪೌಂಡು ಸಾಲ ಎತ್ತಿದರು. ಆ ಸಾಲ ಬೇರೆ ಸಾಲಪತ್ರಗಳಲ್ಲಿ ವಿಲೀನವಾಗುತ್ತಾ ಬಂದು ಕೊನೆಗೆ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಜಮೈಕಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ ಗುಲಾಮರ ಮರಿಮಕ್ಕಳು ಕಟ್ಟಿದ ತೆರಿಗೆಯೂ ಒಡೆಯರ ಪರಿಹಾರದ ಸಾಲಕ್ಕೆ ಸಂದಿದೆ.

ಹಣ ಹಂಚಲು ಲಂಡನ್ನಿನಲ್ಲಿ ಆಯೋಗವೊಂದು ಕುಳಿತಿತು. ಸಾವಿರಾರು ಅರ್ಜಿಗಳು ಬಂದವು. ಒಡೆಯ ತುಂಬಬೇಕಿದ್ದ ಪಟ್ಟಿಯಲ್ಲಿ ಕಾಲಂಗಳಿದ್ದವು: ಮುಖ್ಯ ಆಳುಗಳು, ಕಸುಬುದಾರರು, ಹೊಲದ ಆಳುಗಳು, ಎರಡನೇ ದರ್ಜೆಯ ಹೊಲದ ಆಳುಗಳು, ಮನೆಗೆಲಸದವರು, ಆರು ವರ್ಷದೊಳಗಿನ ಮಕ್ಕಳು. ಕೊನೆಯಲ್ಲಿ ಮುದುಕರು ಮತ್ತು ರೋಗಿಗಳು, 'ಕೆಲಸಕ್ಕೆ ಬಾರದವರು' ಎಂಬ ತಲೆಬರಹದ ಕೆಳಗೆ. ಒಂದೊಂದು ಕಾಲಂಗೂ ಒಂದೊಂದು ದರ. ದರ ವಸಾಹತಿನಿಂದ ವಸಾಹತಿಗೆ ಬೇರೆ. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದ ಒಬ್ಬ ಗುಲಾಮನ ಲೆಕ್ಕಕ್ಕೆ ಜಮೈಕಾದವನ ಎರಡು ಪಟ್ಟಿಗೂ ಹೆಚ್ಚು ಹಣ, ಏಕೆಂದರೆ ಅಲ್ಲಿ ಆಳುಗಳ ಕೊರತೆಯಿಂದ ಮಾರುಕಟ್ಟೆ ಬೆಲೆ ಏರಿತ್ತು. ಈ ದಾಖಲೆಗಳು ಲಂಡನ್ನಿನ ಪತ್ರಾಗಾರದಲ್ಲಿ ಇಂದಿಗೂ ಇವೆ. ಲಂಡನ್ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅವನ್ನು ಯಾರು ಬೇಕಾದರೂ ಹುಡುಕಿ ಓದುವಂತೆ ಮಾಡಿದ್ದಾರೆ. ಹಣ ಪಡೆದವರಲ್ಲಿ ಪಾದ್ರಿಗಳಿದ್ದಾರೆ, ಸಂಸದರಿದ್ದಾರೆ, ಎಂದೂ ಕೆರಿಬಿಯನ್ ನೋಡದ, ಒಬ್ಬಿಬ್ಬರು ಗುಲಾಮರ ಬಾಡಿಗೆಯಲ್ಲಿ ಬದುಕುತ್ತಿದ್ದ ವಿಧವೆಯರೂ ಇದ್ದಾರೆ. ದೊಡ್ಡ ಮೊತ್ತ ಪಡೆದವರಲ್ಲಿ ಜಾನ್ ಗ್ಲ್ಯಾಡ್‌ಸ್ಟನ್ ಒಬ್ಬ. ಮುಂದೆ ನಾಲ್ಕು ಬಾರಿ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್‌ನ ತಂದೆ. ಎರಡೂವರೆ ಸಾವಿರ ಗುಲಾಮರ ಲೆಕ್ಕಕ್ಕೆ ಅವನಿಗೆ ಸಿಕ್ಕಿದ್ದು ಒಂದು ಲಕ್ಷ ಪೌಂಡಿಗೂ ಮೇಲೆ.

ಗುಲಾಮರಿಗೆ ಸಿಕ್ಕಿದ್ದು 'ಅಪ್ರೆಂಟಿಸ್' ಎಂಬ ಹೊಸ ಹೆಸರು. 1834ರ ಆಗಸ್ಟ್ 1ರಂದು ಸುಮಾರು 8 ಲಕ್ಷ ಜನ ಕಾನೂನಿನ ಪ್ರಕಾರ ಗುಲಾಮರಾಗಿ ಉಳಿಯಲಿಲ್ಲ. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಉಳಿದವರಲ್ಲಿ ಬಹುಪಾಲು ಜನ ಅದೇ ತೋಟದಲ್ಲಿ, ಅದೇ ಒಡೆಯನಿಗೆ, ವಾರಕ್ಕೆ ಸುಮಾರು 45 ಗಂಟೆ ಕೂಲಿಯಿಲ್ಲದೆ ದುಡಿಯಬೇಕು; ಹೊಲದ ಆಳುಗಳಾದರೆ ಆರು ವರ್ಷ. ಜಮೈಕಾದಲ್ಲಿ ಮಾತು ಮೀರಿದವರನ್ನು ಬಂದೀಖಾನೆಗೆ ಕಳಿಸಿ, ಕೈಗಳನ್ನು ಮೇಲಕ್ಕೆ ಕಟ್ಟಿ, ತಿರುಗುವ ಚಕ್ರದ ಮೆಟ್ಟಿಲು ತುಳಿಸುತ್ತಿದ್ದರು. ಬಿಡುಗಡೆಯ ಆ ಮೊದಲ ದಿನ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗವರ್ನರ್ ಭವನದ ಮುಂದೆ ಜನರು ಸೇರಿದರು. ಬಹಳ ಮಂದಿ ವಯಸ್ಸಾದವರು. ಗವರ್ನರ್ ಹೊಸ ಕಾನೂನನ್ನು ವಿವರಿಸಲು ಹೋದರೆ ಅವರು ಫ್ರೆಂಚ್ ಮಿಶ್ರಿತ ತಮ್ಮ ಭಾಷೆಯಲ್ಲಿ ಒಂದೇ ಮಾತನ್ನು ಕೂಗುತ್ತಿದ್ದರು: 'ಪಾ ದ ಸೀಸ್ ಆನ್' – ಆರು ವರ್ಷ ಬೇಡ. ಅವರ ವಯಸ್ಸಿಗೆ ಆರು ವರ್ಷ ಎಂದರೆ ಇಡೀ ಉಳಿದ ಆಯುಸ್ಸು. ಪ್ರತಿಭಟನೆಗಳು ಮುಂದುವರಿದವು, ಬ್ರಿಟನ್ನಿನಲ್ಲೂ ಜನಾಭಿಪ್ರಾಯ ತಿರುಗಿತು. ಕೊನೆಗೆ ಎರಡು ವರ್ಷ ಮೊದಲೇ, 1838ರ ಆಗಸ್ಟ್ 1ರಂದು, ಈ ಪದ್ಧತಿ ಮುಗಿಯಿತು. ಮಗಳ ಟಿಪ್ಪಣಿಯಲ್ಲಿ 1833ರ ಪಕ್ಕದಲ್ಲಿ ಈ ದಿನವನ್ನೂ ಬರೆಸಿ.

ಅದೇ 1838ರ ಮೇ ತಿಂಗಳಲ್ಲಿ 'ವಿಟ್‌ಬಿ' ಮತ್ತು 'ಹೆಸ್ಪೆರಸ್' ಎಂಬ ಎರಡು ಹಡಗುಗಳು ಬ್ರಿಟಿಷ್ ಗಯಾನಾಕ್ಕೆ ಬಂದವು. ಅವುಗಳಿಂದ ಇಳಿದವರು ಕಲ್ಕತ್ತೆಯಿಂದ ಕರಾರಿಗೆ ಒಪ್ಪಿಸಿ ತಂದ ಸುಮಾರು 400 ಭಾರತೀಯ ಕೂಲಿಗಳು. ಬಿಡುಗಡೆಯಾದ ಆಫ್ರಿಕನ್ನರು ಹಳೆಯ ರೀತಿಯಲ್ಲಿ ದುಡಿಯಲಾರರೆಂದು ಮೊದಲೇ ಲೆಕ್ಕ ಹಾಕಿ ಅವರನ್ನು ತರಿಸಿದ ತೋಟದೊಡೆಯ ಬೇರಾರೂ ಅಲ್ಲ, ಅದೇ ಜಾನ್ ಗ್ಲ್ಯಾಡ್‌ಸ್ಟನ್. ಮಾರಿಷಸ್‌ಗೆ ಇಂಥ ಹಡಗುಗಳು 1834ರಿಂದಲೇ ಹೋಗುತ್ತಿದ್ದವು. ಆಫ್ರಿಕನ್ನರ ಗುಲಾಮಗಿರಿಗೂ ಈ ಕರಾರು ಕೂಲಿಗೂ ದೊಡ್ಡ ವ್ಯತ್ಯಾಸವಿದೆ: ಕರಾರಿಗೆ ಅವಧಿಯಿತ್ತು, ಕೂಲಿಯಿತ್ತು, ಹುಟ್ಟುವ ಮಕ್ಕಳು ಯಾರ ಸ್ವತ್ತೂ ಆಗುತ್ತಿರಲಿಲ್ಲ. ಎರಡೂ ಒಂದೇ ಎನ್ನುವುದು ತಪ್ಪು. ಆದರೆ ಗಯಾನಾದಲ್ಲಿ ಆಳುಗಳ ಆ ಗುಡಿಸಲು ಸಾಲುಗಳೂ ಅವೇ, ಹೊಡೆಯುವ ಮೇಸ್ತ್ರಿಯೂ ಅವನೇ.

ಇತರ ದೇಶಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಫ್ರಾನ್ಸ್ ಎರಡನೆಯ ಬಾರಿಗೆ, ಶಾಶ್ವತವಾಗಿ, ರದ್ದುಪಡಿಸಿದ್ದು 1848ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧದ ಬಳಿಕ 1865ರಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಕ್ಯೂಬಾ 1886. ಅಮೆರಿಕ ಖಂಡಗಳಲ್ಲಿ ಎಲ್ಲಕ್ಕಿಂತ ತಡವಾಗಿ, 1888ರ ಮೇ 13ರಂದು ಬ್ರೆಜಿಲ್. ಅಲ್ಲಿ ಒಡೆಯರಿಗೆ ಪರಿಹಾರ ಕೊಡಲಿಲ್ಲ, ಬಿಡುಗಡೆಯಾದವರಿಗೂ ತುಂಡು ಭೂಮಿ ಕೊಡಲಿಲ್ಲ. ಆಫ್ರಿಕಾದ ಮಾರಿಟೇನಿಯಾ ದೇಶ ರದ್ದುಪಡಿಸಿದ್ದು 1981ರಲ್ಲಿ. ಗುಲಾಮರನ್ನು ಇಟ್ಟುಕೊಳ್ಳುವುದು ಅಲ್ಲಿ ಶಿಕ್ಷಾರ್ಹ ಅಪರಾಧವಾದದ್ದು 2007ರಲ್ಲಿ.

ಆ ಸಕ್ಕರೆ ಬಟ್ಟಲಿಗೆ ಮರಳೋಣ. 1833ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದಿತ್ತು. ಭಾರತದಲ್ಲಿ ಗುಲಾಮರು ಇರಲಿಲ್ಲವೆಂದಲ್ಲ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯಲ್ಲಿ ಜಮೀನಿನ ಕೆಲಸಕ್ಕೆ ಕೊಂಡು ಮಾರುತ್ತಿದ್ದ ಆಳುಗಳ ವಿಷಯವನ್ನು ಬೆಲೆಸಹಿತ ಬರೆದಿಟ್ಟಿದ್ದಾರೆ. ಅವರು ಆಫ್ರಿಕನ್ನರಲ್ಲ, ನಮ್ಮದೇ ಜಾತಿ ವ್ಯವಸ್ಥೆ ಭೂಮಿಗೆ ಕಟ್ಟಿಹಾಕಿದ ನಮ್ಮ ಜನರು. 1843ರ ಐದನೇ ಕಾಯ್ದೆ ಇವರನ್ನು ನೇರವಾಗಿ ಬಿಡುಗಡೆ ಮಾಡಲಿಲ್ಲ. 'ಇವನು ನನ್ನ ಗುಲಾಮ' ಎಂದು ಯಾರಾದರೂ ದಾವೆ ಹೂಡಿದರೆ ನ್ಯಾಯಾಲಯ ಅದನ್ನು ಮಾನ್ಯ ಮಾಡುವುದಿಲ್ಲ ಎಂದಷ್ಟೇ ಹೇಳಿತು. ಗುಲಾಮರನ್ನು ಕೊಳ್ಳುವುದು, ಮಾರುವುದು ಅಪರಾಧವಾದದ್ದು 1860ರ ಭಾರತೀಯ ದಂಡ ಸಂಹಿತೆಯಲ್ಲಿ. ಇಲ್ಲಿ ಒಡೆಯರಿಗೆ ಪರಿಹಾರದ ಮಾತೇ ಬರಲಿಲ್ಲ, ಏಕೆಂದರೆ ಅವರ ಹಿಡಿತ ಅಷ್ಟಾಗಿ ಸಡಿಲಲೇ ಇಲ್ಲ. ಸಾಲದ ಹೆಸರಿನ ಜೀತ ಮುಂದುವರಿಯಿತು. ಅದರ ರದ್ದತಿಗೆ 1976ರ ಕಾಯ್ದೆ ಬರಬೇಕಾಯಿತು.

ನಿಮ್ಮ ಕೊನೆಯ ಪ್ರಶ್ನೆ ಸಿದ್ದಿಗಳದು. ಅವರ ಪೂರ್ವಿಕರು ಬಂದದ್ದು ಅಟ್ಲಾಂಟಿಕ್ ಮೂಲಕ ಅಲ್ಲ, ಅರಬ್ಬೀ ಸಮುದ್ರದ ಮೂಲಕ. ಆಫ್ರಿಕಾದಿಂದ ಇತ್ತ ಬಂದವರೆಲ್ಲರ ಪಾಡು ಒಂದೇ ಆಗಿರಲಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗುತ್ತಾ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು 1626ರಲ್ಲಿ ಸಾಯುವವರೆಗೂ ಮೊಗಲರನ್ನು ಕಾಡಿದ. ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ, ಅಂದರೆ ಆಫ್ರಿಕಾ ಮೂಲದವ, ಮುಖ್ಯಮಂತ್ರಿಯ ಪದವಿಗೇರಿದ. ಕತ್ತಿ ಹಿಡಿದವರಿಗೆ ಮೇಲೇರುವ ದಾರಿಯಿತ್ತು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದವರಿಗೆ ಸಿಕ್ಕಿದ್ದು ಮನೆಗೆಲಸ, ಪಲ್ಲಕ್ಕಿ ಹೊರುವ ಕೆಲಸ. ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು, ಬಿಡುಗಡೆಯಾಗಿ ಬಂದವರು ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡುಗಳಲ್ಲಿ ನೆಲೆಸಿದರು. ಸಿದ್ದಿಗಳ ವಂಶವಾಹಿ ಅಧ್ಯಯನಗಳೂ ಆಫ್ರಿಕಾದ ಬಂಟು ಭಾಷಿಕ ಜನರ ಕಡೆಗೇ ಬೆರಳು ತೋರುತ್ತವೆ.

ಆದ್ದರಿಂದ ಬ್ರಿಟಿಷರ 1833ಕ್ಕೂ ಸಿದ್ದಿಗಳಿಗೂ ನೇರ ಸಂಬಂಧವಿಲ್ಲ. ಗೋವೆಗೆ ಅನ್ವಯವಾದದ್ದು ಪೋರ್ಚುಗಲ್‌ನ ಕಾನೂನು. ಪೋರ್ಚುಗಲ್ ತನ್ನ ಎಲ್ಲ ವಸಾಹತುಗಳಲ್ಲೂ ಗುಲಾಮ ಸ್ಥಿತಿಯನ್ನು ತೆಗೆದುಹಾಕಿದ್ದು 1869ರಲ್ಲಿ; ಅಲ್ಲಿಯೂ ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೆಯ ಯಜಮಾನರಿಗೇ ದುಡಿಯಬೇಕೆಂಬ ಷರತ್ತಿತ್ತು. ಘಟ್ಟದ ಮೇಲೆ ಬಂದವರಿಗೆ ಭೂಮಿಯ ಹಕ್ಕುಪತ್ರ ಯಾರೂ ಕೊಡಲಿಲ್ಲ. ಎಷ್ಟೋ ಕುಟುಂಬಗಳು ತಲೆಮಾರುಗಳ ಕಾಲ ಬೇರೆಯವರ ತೋಟ, ಗದ್ದೆಗಳಲ್ಲಿ ಆಳುಗಳಾಗಿ ದುಡಿದವು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಮಗಳ ಪಠ್ಯಪುಸ್ತಕದಲ್ಲಿ 1807, 1833, 1843 ಇರುವ ಪುಟದ ಅಂಚಿನಲ್ಲಿ ಜಾಗವಿದ್ದರೆ 1869, 2003 ಎಂದು ಪೆನ್ಸಿಲಿನಿಂದ ಬರೆದುಕೊಳ್ಳಲು ಹೇಳಿ. ಶಿರಸಿಯ ಶಾಲೆಯಾದ್ದರಿಂದ ಆ ಎರಡು ಇಸವಿಗಳ ಅರ್ಥ ಬಲ್ಲ ಗೆಳತಿಯೊಬ್ಬಳು ಅವಳ ಪಕ್ಕದ ಬೆಂಚಿನಲ್ಲೇ ಇದ್ದರೂ ಇರಬಹುದು.